ಫೋರ್‌ವೀಲ್ ಜೀಪು: ಹತ್ತುವುದಕ್ಕಿಂತ ಇಳಿಯುವುದು ಕಷ್ಟ

ಹಾಡುವಳ್ಳಿ, ಗೇರುಸೊಪ್ಪೆ, ಯಾಣ ಕಡೆಯ ತೋಟದ ದಾರಿಗಳಲ್ಲಿ ಮಳೆಗಾಲಕ್ಕೆ ಫೋರ್‌ವೀಲ್ ಜೀಪೇ ಗತಿ. ನಾಲ್ಕೂ ಚಕ್ರ ಎಳೆಯುವುದರಿಂದ ಏರು ಹತ್ತುತ್ತದೆ, ನಿಜ. ಆದರೆ ಬ್ರೇಕು ಉಳಿದ ಜೀಪಿನಂತೆಯೇ! ಕೆಮ್ಮಣ್ಣಿನ ಇಳುಕಲಿನಲ್ಲಿ ಜೋರಾಗಿ ಬ್ರೇಕು ಒತ್ತಿದಿರೋ, ಚಕ್ರ ನಿಂತು ಗಾಡಿ ಜಾರುತ್ತದೆ. ಸ್ಟಿಯರಿಂಗ್ ಆಗ ಮಾತು ಕೇಳುವುದಿಲ್ಲ.

ಇಳಿಯುವ ಮೊದಲೇ ಗಾಡಿ ನಿಲ್ಲಿಸಿ ಫೋರ್‌ವೀಲ್ 'ಲೋ' ಹಾಕಿ. ಒಂದನೇ ಗೇರಿನಲ್ಲಿ ಬಿಡಿ, ಎಂಜಿನ್ನೇ ತಡೆದು ಹಿಡಿಯುತ್ತದೆ. ನಡುವೆ ಕ್ಲಚ್ ಮುಟ್ಟಬೇಡಿ. ಜಾರತೊಡಗಿದರೆ ಬ್ರೇಕಿನಿಂದ ಕಾಲು ತೆಗೆದು ತುಸು ಆಕ್ಸಿಲರೇಟರ್ ಕೊಡಿ. ಚಕ್ರ ತಿರುಗಿದರಷ್ಟೇ ಹಿಡಿತ. ಇಳಿಜಾರಿಗೆ ಅಡ್ಡ ಹೋಗದೆ ನೇರ ಇಳಿಯಿರಿ. ಅಡ್ಡ ತಿರುಗಿದ ಗಾಡಿ ಮಗುಚುವ ಸಂಭವ ಹೆಚ್ಚು.

ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತ, ಸುಣ್ಣ, ಪಂಪು ಹೇರಿ ಅದರ ಮೇಲೆ ಆಳುಗಳನ್ನೂ ಕೂರಿಸುತ್ತೇವೆ. ಕಡಿದಾದಲ್ಲಿ ಅವರನ್ನು ಇಳಿಸಿ ನಡೆಸಿ. ಗೊಣಗಿದರೆ ಗೊಣಗಲಿ.

ಹಳ್ಳದ ನೀರು ಕೆಂಪಾಗಿ ಸೆಳೆತವಿದ್ದರೆ ಕಾಯುವುದೇ ಲೇಸು. ತಿಳಿಯಿದ್ದರೆ ಕೋಲಿನಿಂದ ಆಳ ನೋಡಿ, ಗೇರು ಬದಲಿಸದೆ ದಾಟಿ. ಆಮೇಲೆ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿ. ಒದ್ದೆ ಬ್ರೇಕು ಹಿಡಿಯದು.

ಡಾಂಬರು ಸಿಕ್ಕ ಕೂಡಲೇ ಫೋರ್‌ವೀಲ್ ಬಿಡಿಸಿ. ಗಟ್ಟಿ ರಸ್ತೆಯ ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳ ಓಟ ಹೊಂದದೆ ಗೇರುಪೆಟ್ಟಿಗೆಗೆ ಏಟು ಬೀಳುತ್ತದೆ.