ತೊಬಿಯನ ಪ್ರಯಾಣ, ನಮ್ಮ ರಜಾ ಪ್ರಯಾಣ

ಯುವಜನರ ಪಾಠ
ಓದಿಗೆ: ತೊಬಿತ 5 ಮತ್ತು 6ನೇ ಅಧ್ಯಾಯ, ಲೂಕ 2:41-52



ಈ ಮೇ ತಿಂಗಳ ರಜೆಯಲ್ಲಿ ಡೋರ್ನಹಳ್ಳಿ ಸಂತ ಅಂತೋಣಿಯವರ ಬಸಿಲಿಕಕ್ಕೂ ಮೈಸೂರಿಗೂ ಹೋಗಿಬರೋಣ ಎಂದು ಕನ್ನಡ ಪೂಜೆಯ ನಂತರದ ಕೂಟದಲ್ಲಿ ತೀರ್ಮಾನವಾದದ್ದು ನಿಮಗೆ ಗೊತ್ತು. ಅಂದೇ 34 ಜನ ಹೆಸರು ಕೊಟ್ಟರು. ಅದರಲ್ಲಿ ಹನ್ನೊಂದು ಜನ ಅರುವತ್ತು ದಾಟಿದವರು. ಊರಿಡೀ ಕನ್ನಡದಲ್ಲೇ ಹಾಡುವ ದೇವಾಲಯದಲ್ಲಿ ಕೂತು ಒಂದು ಬಲಿಪೂಜೆ ಕಾಣಬೇಕು ಎಂಬುದು ಅವರ ಆಸೆ. ಒಡ್ಡನ್‌ಛತ್ರಂನಲ್ಲಿ ನಮಗೆ ಅದು ಮನೆಯೊಳಗಿನ ಭಾಷೆ. ಅಲ್ಲಿ ಅದು ಬೀದಿಯ ಭಾಷೆಯೂ ಹೌದು.

ಆದರೆ ಹೇಗೆ ಹೋಗುವುದು ಎಂಬ ಮಾತು ಬಂದಾಗ ಕೂಟ ಎರಡಾಯಿತು. ತರಕಾರಿ ಮಾರುಕಟ್ಟೆಯ ಊರು ನಮ್ಮದು. ಪ್ರತಿ ಬೀದಿಯಲ್ಲೂ ಒಂದು ಪಿಕಪ್ಪೋ ಕುಟ್ಟಿ ಯಾನೈಯೋ ನಿಂತಿರುತ್ತದೆ. "ಗಾಡಿ ನಮ್ಮದೇ ಇದೆ, ಡೀಸೆಲ್ ಹಾಕಿದರೆ ಸಾಕು. ಹಿಂದೆ ಟಾರ್ಪಾಲು ಕಟ್ಟಿ ಜಮಖಾನ ಹಾಸಿದರೆ ಅಜ್ಜಿಯಂದಿರು ಮಲಗಿಕೊಂಡೇ ಬರಬಹುದು" ಎಂದು ಒಬ್ಬ ಮಾವನವರು ಹೇಳಿದರು. ಪ್ರೀತಿಯಿಂದ ಹೇಳಿದ ಮಾತು ಅದು. ನಾವು ಬೇಡ ಅಂದೆವು. ಆದರೆ ಏಕೆ ಬೇಡ ಎಂದು ಆ ಹೊತ್ತಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅವರಿಗೆ ಬೇಸರವೂ ಆಯಿತು. ಅಂದು ಹೇಳಲಾಗದ್ದನ್ನು ಈ ಪಾಠದಲ್ಲಿ ಹೇಳುತ್ತೇವೆ.

ಮೊದಲು ತೊಬಿತನ ಗ್ರಂಥ ತೆಗೆಯಿರಿ. ಕಣ್ಣು ಕಾಣದ ತಂದೆ, ದೂರದ ಮೇದ್ಯ ದೇಶದಲ್ಲಿ ಒಬ್ಬರ ಬಳಿ ಇಟ್ಟ ಹತ್ತು ತಲಾಂತು ಬೆಳ್ಳಿಯನ್ನು ತರಲು ಮಗನನ್ನು ಕಳಿಸಬೇಕು. ಮನೆಯಲ್ಲಿ ಬಡತನ. ಆದರೂ ತಂದೆ ಮಗನಿಗೆ ಹೇಳುವುದು, ನಂಬಿಗಸ್ತನಾದ ಒಬ್ಬ ಜೊತೆಗಾರನನ್ನು ಹುಡುಕು, ಅವನಿಗೆ ಕೂಲಿ ಕೊಡೋಣ ಎಂದು. ಬಂದವನು ದೇವದೂತ ರಫಾಯೇಲ್. ಆದರೆ ಅದು ಮನೆಯವರಿಗೆ ತಿಳಿಯದು. ಹಾಗಾಗಿ ಮಗ ಕೇಳುತ್ತಾನೆ: ದಾರಿ ಗೊತ್ತೇ? ತಂದೆ ಕೇಳುತ್ತಾನೆ: ಯಾವ ಕುಲ, ಯಾವ ಮನೆತನ? ಆಮೇಲೆ ಕೂಲಿಯ ಮಾತು. ದಿನಕ್ಕೆ ಒಂದು ದ್ರಾಕ್ಮ, ಮಗನಿಗೆ ಆಗುವಷ್ಟೇ ಊಟದ ಖರ್ಚು, ಸುಖವಾಗಿ ಮರಳಿದರೆ ಮೇಲೆ ಇನ್ನಷ್ಟು. ದೇವದೂತನ ಹತ್ತಿರವೇ ಇಷ್ಟು ವಿಚಾರಣೆ ನಡೆದಿದೆ ಎಂದ ಮೇಲೆ, ವ್ಯಾನಿನ ಚಾಲಕರನ್ನು ನಾವು ನಾಲ್ಕು ಮಾತು ಕೇಳಿದರೆ ಅದರಲ್ಲಿ ಅವಮರ್ಯಾದೆ ಏನೂ ಇಲ್ಲ.

ಈಗ ಸರಕು ಗಾಡಿಯ ವಿಷಯ. 2025ರ ಜನವರಿ 22ರ ಬೆಳಗಿನ ಜಾವ, ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ತುಂಬಿಕೊಂಡು ಹೊರಟ ಲಾರಿ ಯಲ್ಲಾಪುರದ ಬಳಿ ಘಟ್ಟದಲ್ಲಿ ಕೆಳಗೆ ಉರುಳಿತು. ಸರಕಿನ ಜೊತೆಯಲ್ಲೇ ವ್ಯಾಪಾರಿಗಳೂ ಕೂತಿದ್ದರು. ಅವರಲ್ಲಿ ಹತ್ತು ಜನ ತೀರಿಕೊಂಡರು. ಸಂತೆಗೆ ಹೋಗುವ ನಮ್ಮ ಅಣ್ಣಂದಿರಂಥವರೇ ಅವರೆಲ್ಲ. ಪ್ರತಿ ವಾರ ಹೋಗುತ್ತಿದ್ದ ದಾರಿ ಎಂಬುದು ಅವರನ್ನು ಉಳಿಸಲಿಲ್ಲ.

ಭೌತಶಾಸ್ತ್ರ ಓದಿದವರಾಗಿ ಒಂದು ಮಾತು ಸೇರಿಸುತ್ತೇವೆ. ಈರುಳ್ಳಿ ಮೂಟೆ ಗಾಡಿಯ ತಳದಲ್ಲಿ ಅಲುಗಾಡದೆ ಕೂತಿರುತ್ತದೆ. ಮನುಷ್ಯರು ನಿಲ್ಲುತ್ತಾರೆ, ಇಲ್ಲವೇ ಅಂಚಿನ ಮೇಲೆ ಕೂರುತ್ತಾರೆ. ಆಗ ಗಾಡಿಯ ಭಾರದ ನಡುಬಿಂದು ಮೇಲಕ್ಕೆ ಏರುತ್ತದೆ. ತಿರುವಿನಲ್ಲಿ ಎಲ್ಲರೂ ಒಂದೇ ಪಕ್ಕಕ್ಕೆ ವಾಲುತ್ತಾರೆ. ಅದೇ ತೂಕದ ಮೂಟೆ ಹೊತ್ತು ಹೋದ ಗಾಡಿ ಅದೇ ತಿರುವಿನಲ್ಲಿ ಜನ ಹೊತ್ತಾಗ ಮಗುಚಬಹುದು. ಹಿಡಿದುಕೊಳ್ಳಲು ಸೀಟಿಲ್ಲ, ಬೆಲ್ಟಿಲ್ಲ. ಬ್ರೇಕ್ ಹಾಕಿದರೆ ಮುಂದಿನವರ ಮೇಲೆ ಹಿಂದಿನವರೆಲ್ಲ ಬೀಳುತ್ತಾರೆ. ಚಾಲಕ ಎಷ್ಟು ಜಾಣನಾದರೂ ಇದು ಬದಲಾಗದು.

ಇನ್ನು ದುಡ್ಡಿನ ಲೆಕ್ಕ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿನ ಪ್ರಕಾರ ತಪ್ಪು. ಅದಕ್ಕಿಂತ ದೊಡ್ಡ ವಿಷಯ ವಿಮೆಯದು. ಸರಕಿನ ಒಡೆಯ ಅಥವಾ ಅವರ ಪ್ರತಿನಿಧಿಯಾಗಿ ಹೋದವರನ್ನು ಬಿಟ್ಟು, ಸುಮ್ಮನೆ ಹತ್ತಿ ಕೂತ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಅಂದರೆ ಏನಾದರೂ ಆದರೆ ಆಸ್ಪತ್ರೆಯ ಬಿಲ್ಲು, ಪರಿಹಾರ ಎಲ್ಲ ಗಾಡಿಯ ಒಡೆಯರ ತಲೆಯ ಮೇಲೆ. ಪ್ರೀತಿಯಿಂದ ಗಾಡಿ ಕೊಡಲು ಬಂದ ಮಾವನವರ ಮನೆ, ತೋಟ ಎರಡೂ ಹೋಗಬಹುದು. ನಾವು ಬೇಡ ಎಂದದ್ದು ಅವರಿಗಾಗಿಯೂ.

ಬಿಳಿ ಬೋರ್ಡಿನ ಸ್ವಂತ ಕಾರು, ವ್ಯಾನುಗಳನ್ನು ಬಾಡಿಗೆಗೆ ಹಿಡಿದರೂ ವಿಮೆಯ ತೊಂದರೆ ಬರುತ್ತದೆ. ವ್ಯಾನ್ ಬೇಕೇ ಬೇಕು ಎಂದರೆ ಹಳದಿ ಬೋರ್ಡಿನದು ನೋಡಿ. ಗಾಡಿಯ ನಂಬರನ್ನು ಎಂಪರಿವಾಹನ್ ಆಪ್‌ನಲ್ಲಿ ಹಾಕಿದರೆ ವಿಮೆ, ಎಫ್‌ಸಿ ಯಾವ ದಿನದವರೆಗೆ ಇದೆ ಎಂದು ನಿಮಿಷದಲ್ಲಿ ತಿಳಿಯುತ್ತದೆ. ಕರ್ನಾಟಕಕ್ಕೆ ಹೋಗಲು ಪರ್ಮಿಟ್ ಇದೆಯೇ ಕೇಳಿ. ಚಾಲಕರ ಬಾಟಾ, ಟೋಲ್, ಪರ್ಮಿಟ್ ಹಣ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ದಾರಿಯಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ.

ತೊಬಿಯ ಮೊದಲ ಸಂಜೆ ಏನು ಮಾಡಿದ ನೋಡಿ. ಕತ್ತಲಾದಾಗ ಟೈಗ್ರಿಸ್ ನದಿಯ ಬಳಿ ತಂಗಿದ. ಓಡುತ್ತಲೇ ಇರಲಿಲ್ಲ. ನಮ್ಮವರಿಗೋ ರಾತ್ರಿ ಹೊರಟರೆ ಲಾಡ್ಜ್ ಬಾಡಿಗೆ ಉಳಿಯಿತು ಎಂಬ ಲೆಕ್ಕ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಹೆದ್ದಾರಿಯಲ್ಲಿ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ಕಡೆಯವರ ವ್ಯಾನು ನಿಂತಿದ್ದ ಲಾರಿಗೆ ಗುದ್ದಿ 13 ಜನ ಸತ್ತರು. ಬೆಳಗಿನ ಜಾವದ ಎರಡು ಮೂರು ಗಂಟೆ ಕಣ್ಣು ತಾನಾಗಿ ಮುಚ್ಚುವ ಹೊತ್ತು. ಕಾಫಿ ಕುಡಿದರೂ ಅಷ್ಟೇ. ಸ್ವಂತ ಕಾರಿನಲ್ಲಿ ಬರುತ್ತೇವೆ ಎಂದಿರುವ ಎರಡು ಕುಟುಂಬಗಳಿಗೆ ನಮ್ಮ ಕೋರಿಕೆ: ನಡುರಾತ್ರಿಯಿಂದ ಐದು ಗಂಟೆವರೆಗೆ ಓಡಿಸಬೇಡಿ. ಧಾರಾಪುರ, ಸತ್ಯಮಂಗಲದ ಮೇಲೆ ಹೋಗುವುದಾದರೆ ಹೇಗೂ ಆಗದು. 27 ಕೊಂಡಿ ತಿರುವುಗಳ ದಿಂಬಂ ಘಟ್ಟ ಹುಲಿ ಮೀಸಲು ಕಾಡಿನೊಳಗಿದೆ. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾರುಗಳನ್ನೂ ಬಿಡುವುದಿಲ್ಲ, ಸರಕು ಗಾಡಿಗಳಿಗೆ ಸಂಜೆ 6ಕ್ಕೇ ತಡೆ. ಊಟ ಮುಗಿಸಿ ನಿಧಾನವಾಗಿ ಹೊರಟವರು ಬನ್ನಾರಿ ಚೆಕ್‌ಪೋಸ್ಟಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಬೆಳಗು ಮಾಡಬೇಕಾದೀತು.

ಇಷ್ಟೆಲ್ಲ ನೋಡಿ ನಾವು ರೈಲನ್ನು ಆರಿಸಿದೆವು. ತೂತ್ತುಕುಡಿಯಿಂದ ಸಂಜೆ ಹೊರಡುವ ಮೈಸೂರು ಎಕ್ಸ್‌ಪ್ರೆಸ್ ರಾತ್ರಿ ದಿಂಡುಕ್ಕಲ್‌ಗೆ ಬರುತ್ತದೆ. ಮಲಗಿದರೆ ಮಾರನೆಯ ಬೆಳಿಗ್ಗೆ ಬೆಂಗಳೂರು ದಾಟಿ ಮೈಸೂರು. ಅಲ್ಲಿಂದ ಕೆ.ಆರ್. ನಗರದವರೆಗೆ ರೈಲೂ ಉಂಟು, ಬಸ್ಸೂ ಉಂಟು. ಮುಂಗಡ ಟಿಕೆಟ್ ಮೊದಲು 120 ದಿನ ಮುಂಚೆ ಸಿಗುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಮೇ 12ಕ್ಕೆ ಹೊರಡುವ ನಮಗೆ ಮಾರ್ಚ್ 13ರ ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆಯುತ್ತದೆ. ರಜಾ ಕಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ವೇಟಿಂಗ್ ಲಿಸ್ಟ್ ಆಗಿಬಿಡುತ್ತದೆ. ವೇಟಿಂಗ್ ಟಿಕೆಟ್ ಹಿಡಿದು ಸ್ಲೀಪರ್ ಡಬ್ಬಿಗೆ ಹತ್ತಲು ಈಗ ಬಿಡುವುದಿಲ್ಲ. ತತ್ಕಾಲ್ ನಂಬಿ ಕೂರಬೇಡಿ, ಅದು ದುಬಾರಿ. ಅಲ್ಲದೆ 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆಯೇ ಬೇಕು.

ಒಂದು ಟಿಕೆಟ್ಟಿನಲ್ಲಿ ಆರು ಜನರನ್ನು ಹಾಕಬಹುದು. ಆದರೂ ಅಜ್ಜ ಅಜ್ಜಿಯಂದಿರನ್ನು ಇಬ್ಬಿಬ್ಬರಾಗಿ ಬೇರೆ ಟಿಕೆಟ್ಟಿನಲ್ಲಿ ಬರೆಸುತ್ತೇವೆ. 45 ದಾಟಿದ ಹೆಂಗಸರಿಗೂ 60 ದಾಟಿದ ಗಂಡಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಒಬ್ಬರು ಅಥವಾ ಇಬ್ಬರು ಇರುವ ಟಿಕೆಟ್ಟಿಗೆ ಮಾತ್ರ ಅದು ಸಿಗುತ್ತದೆ. ಹಿರಿಯರ ರಿಯಾಯಿತಿ ದರ ಮಾತ್ರ 2020ರ ಮಾರ್ಚ್‌ನಲ್ಲಿ ನಿಂತಿತು, ಈಗಲೂ ಇಲ್ಲ. ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡ ಎಂದರೆ ಅರ್ಧ ದರ, ಬೇಕೆಂದರೆ ಪೂರ್ತಿ. ಟಿಕೆಟ್ ತೆಗೆಯುವಾಗ ಕೇಳುವ ಪ್ರಯಾಣ ವಿಮೆಗೆ ಒಂದು ರೂಪಾಯಿಯೂ ಆಗದು, ಅದನ್ನು ಬಿಡಬೇಡಿ.

ಅಕ್ಕಂದಿರು ಒಂದು ಪ್ರಶ್ನೆ ಕೇಳಿದ್ದರು: ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಉಚಿತ ಅಲ್ಲವೇ? ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ನಿಜ. ಆದರೆ ಅದು ಕರ್ನಾಟಕದ ವಿಳಾಸ ಇರುವವರಿಗೆ. ಕಂಡಕ್ಟರ್ ನೋಡುವುದು ಆಧಾರ್ ಕಾರ್ಡಿನ ವಿಳಾಸವನ್ನು, ನಮ್ಮ ಮಾತನ್ನಲ್ಲ! ನಮ್ಮದು ದಿಂಡುಕ್ಕಲ್ ಜಿಲ್ಲೆ. ಆದ್ದರಿಂದ ಅಲ್ಲಿ ಟಿಕೆಟ್ ತೆಗೆಯಬೇಕು. ಇಲ್ಲಿಯ ಉಚಿತ ಪ್ರಯಾಣವೂ ಸಾಧಾರಣ ಟೌನ್ ಬಸ್ಸಿಗೆ ಮಾತ್ರ. ಎರಡನ್ನೂ ಲೆಕ್ಕದಲ್ಲಿ ಸೇರಿಸಿದ್ದೇವೆ.

ಆ ಲೆಕ್ಕ ಒಬ್ಬರಿಗೆ 1,500 ರೂಪಾಯಿಗೆ ಬಂತು. ಪಿಕಪ್ ಮಾತು ಬಂದದ್ದು ಇದಕ್ಕಾಗಿಯೇ ಎಂದು ನಮಗೆ ಗೊತ್ತು. ಐದು ಜನರ ಮನೆಗೆ 7,500 ರೂಪಾಯಿ ಒಂದೇ ಸಲಕ್ಕೆ ಎಂದರೆ, ಟೊಮೇಟೊ ಬೆಲೆ ಬಿದ್ದ ವರ್ಷದಲ್ಲಿ ಹುಡುಗಾಟವಲ್ಲ. ಅದಕ್ಕೆ ಈ ತಿಂಗಳಿನಿಂದಲೇ ವಾರಕ್ಕೆ 100ರಂತೆ ಹದಿನೈದು ವಾರ ಕಟ್ಟುವ ವ್ಯವಸ್ಥೆ ಮಾಡಿದ್ದೇವೆ. ಪೂಜೆಯ ನಂತರ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಕೊಡುತ್ತೇವೆ. ಟಿಕೆಟ್ ದಿನಕ್ಕೆ ಪೂರ್ತಿ ಕಟ್ಟಿರಬೇಕೆಂದಿಲ್ಲ. ಅಷ್ಟೂ ಆಗದವರು ಸುಮ್ಮನೆ ಹೆಸರು ಹಿಂತೆಗೆಯಬೇಡಿ. ಹೋದ ಸಲದ ವೆಲಂಕಣಿ ಯಾತ್ರೆಗೆ ಮೂರು ಮನೆಯವರು "ಹೊಲದಲ್ಲಿ ಕೆಲಸ" ಎಂದು ಹಿಂದುಳಿದರು. ಕೆಲಸವಲ್ಲ, ದುಡ್ಡಿರಲಿಲ್ಲ ಎಂದು ನಮಗೆ ಆಮೇಲೆ ತಿಳಿಯಿತು. ನಾವೇ ಮೊದಲು ವಿಚಾರಿಸಬೇಕಿತ್ತು. ಈ ಸಲ ಫಾದರ್ ಅವರಿಗಾಗಲಿ ನಮ್ಮಲ್ಲಿ ಒಬ್ಬರಿಗಾಗಲಿ ಗುಟ್ಟಾಗಿ ಹೇಳಿ, ಅದು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ.

ರೂಮಿಗೆ ಮುಂಗಡ ಎಂದು ಗೊತ್ತಿಲ್ಲದ ನಂಬರಿಗೆ ಯಾರೂ ಹಣ ಕಳಿಸಬೇಡಿ. ತಂಗುವ ಜಾಗದವರೊಡನೆ ನಾವೇ ಮಾತಾಡುತ್ತೇವೆ. ಮೋಸಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಇನ್ನು ಲೂಕರ ಶುಭಸಂದೇಶ. ಪಾಸ್ಕ ಹಬ್ಬ ಮುಗಿಸಿ ಮರಳುವಾಗ ಬಾಲಯೇಸು ಜೊತೆಯಲ್ಲಿಲ್ಲ ಎಂದು ತಂದೆತಾಯಿಗೆ ತಿಳಿಯಲು ಒಂದು ದಿನದ ಪ್ರಯಾಣವೇ ಆಗಿಹೋಯಿತು. ಅವರು ಅಸಡ್ಡೆಯವರಲ್ಲ. ನೆಂಟರ ಗುಂಪಿನಲ್ಲಿ ಇರಬಹುದು ಎಂದುಕೊಂಡರು. ದೊಡ್ಡ ಗುಂಪಿನಲ್ಲಿ ಮಕ್ಕಳು ತಪ್ಪುವುದು ಹೀಗೆಯೇ. ಅಮ್ಮ ಅಂದುಕೊಳ್ಳುತ್ತಾಳೆ ಅತ್ತೆಯ ಬಳಿ ಇದ್ದಾನೆ ಎಂದು, ಅತ್ತೆ ಅಂದುಕೊಳ್ಳುತ್ತಾರೆ ಅಮ್ಮನ ಬಳಿ ಎಂದು. ಆದ್ದರಿಂದ ಪ್ರತಿ ಮಗುವಿಗೆ, ಪ್ರತಿ ಹಿರಿಯರಿಗೆ ಹೆಸರು ಹೇಳಿ ಒಬ್ಬ ಯುವಕ ಅಥವಾ ಯುವತಿಯನ್ನು ಜೊತೆ ಹಾಕುತ್ತೇವೆ. ರೈಲು ಹತ್ತಿದ ಮೇಲೆ, ಇಳಿದ ಮೇಲೆ, ಪೂಜೆ ಬಿಟ್ಟ ಮೇಲೆ ಎಣಿಕೆ. ಮಕ್ಕಳ ಜೇಬಿನಲ್ಲಿ ಎರಡು ಫೋನ್ ನಂಬರ್ ಬರೆದ ಚೀಟಿ ಇರಲಿ. ರೈಲಿನಲ್ಲಿ ಏನಾದರೂ 139, ಮಗು ತಪ್ಪಿದರೆ 1098, ಬೇರೆ ಯಾವುದಕ್ಕೂ 112.

ನೀರಿನ ಬಗ್ಗೆಯೂ ಒಂದು ಮಾತು. ತೊಬಿಯ ಕಾಲು ತೊಳೆಯಲು ನದಿಗೆ ಇಳಿದಾಗಲೇ ದೊಡ್ಡ ಮೀನು ಮೇಲೆ ಹಾರಿತು. ಕಾವೇರಿ ದಡದಲ್ಲಿ ಫೋಟೋ ತೆಗೆಯಬಹುದು, ಯಾರೂ ಇಳಿಯುವಂತಿಲ್ಲ. ಈಜು ಬರುವವರಿಗೂ ಇದೇ ಮಾತು. ದೂರ ಬರಲಾಗದೆ ಕುಂಬಕ್ಕರೈ, ಸುರುಳಿ ಜಲಪಾತಕ್ಕೆ ಹೋಗುವವರು ಅರಣ್ಯ ಇಲಾಖೆ ತಡೆದ ದಿನ ಪಕ್ಕದ ಕಾಲುದಾರಿ ಹುಡುಕಬೇಡಿ. ಕೊಡೈಕಾನಲ್‌ಗೆ 2024ರ ಮೇ 7ರಿಂದ ಸ್ವಂತ ಗಾಡಿಗೆ ಇ-ಪಾಸ್ ಬೇಕು, ಸರ್ಕಾರಿ ಬಸ್ಸಿನಲ್ಲಿ ಹೋದರೆ ಅದರ ತಲೆನೋವಿಲ್ಲ. ಬೇಸಗೆಯಲ್ಲಿ ಬೆಟ್ಟ ಹತ್ತುವ ಆಸೆಯ ಹುಡುಗರು ನಮ್ಮ ತೇನಿ ಕಡೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಹತ್ತಿದ ಕಾಡ್ಗಿಚ್ಚನ್ನು ನೆನೆಯಿರಿ. ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಅಲ್ಲಿ ಬೆಂದುಹೋದರು. ಅನುಮತಿ ಇಲ್ಲದ ದಾರಿ ಬೇಡ.

ಗುಂಪಿನಲ್ಲಿ ಮಾತಾಡಲು ಎರಡು ಪ್ರಶ್ನೆ. ತೊಬಿಯ ಹೊರಟಾಗ ತಾಯಿ ಅತ್ತು, ಹಣಕ್ಕಾಗಿ ಮಗನನ್ನು ಕಳಿಸಬೇಕಿತ್ತೇ ಎಂದು ಗಂಡನನ್ನು ಕೇಳಿದಳು. ನಮ್ಮ ಮನೆಯಲ್ಲಿ ಹೀಗೆ ಕೇಳಿದವರಿಗೆ ನಾವು ಏನು ಉತ್ತರ ಕೊಟ್ಟಿದ್ದೇವೆ? ನಮ್ಮ ಗುಂಪಿನಿಂದ ಹೇಳದೆ ಕೇಳದೆ ಹಿಂದುಳಿದವರು ಯಾರು?

ಹೆಸರು ಕೊಟ್ಟವರೆಲ್ಲ ಮಾರ್ಚ್ ಮೊದಲ ಭಾನುವಾರದೊಳಗೆ ಆಧಾರ್ ಪ್ರತಿ ತನ್ನಿ. ವಯಸ್ಸು ಕಾರ್ಡಿನಲ್ಲಿ ಇರುವ ಹಾಗೆಯೇ ಬರೆಸಿ. ದಿನವೂ ಮಾತ್ರೆ ತೆಗೆದುಕೊಳ್ಳುವವರು ಚೀಟಿಯ ಪ್ರತಿಯನ್ನೂ ಕೊಡಿ, ಅದು ನಮ್ಮ ಚೀಲದಲ್ಲಿ ಇರುತ್ತದೆ. ಮೊದಲ ರಾತ್ರಿಗೆ ಪುಳಿಯೋಗರೆ ಕಟ್ಟಿಕೊಳ್ಳಿ, ಮೊಸರನ್ನ ಸೆಕೆಗೆ ಹುಳಿಯುತ್ತದೆ. ಪಿಕಪ್ ಕೊಡುತ್ತೇನೆ ಎಂದ ಮಾವನವರು ಈಗ ಒಪ್ಪಿದ್ದಾರೆ. ಹೊರಡುವ ದಿನ ಆ ಗಾಡಿಯಲ್ಲಿ ನಮ್ಮ ಪೆಟ್ಟಿಗೆ, ಚಾಪೆ, ಪಾತ್ರೆಗಳನ್ನು ದಿಂಡುಕ್ಕಲ್ ಸ್ಟೇಷನ್ನಿಗೆ ತಲುಪಿಸುವುದು ಅವರ ಹೊಣೆ. ನಾವು ಬಸ್ಸಿನಲ್ಲಿ ಹಿಂದೆಯೇ ಬರುತ್ತೇವೆ.