ಮೊಬೈಲಿನಲ್ಲಿ ಹೈನುಗಾರಿಕೆಯ ಪಾಠ: ನೋಡುವುದು ಹೇಗೆ, ನಂಬುವುದು ಎಷ್ಟು?



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹೆಚ್ಚಿನ ಮನೆಗಳಲ್ಲಿ ಇಂದು ಒಂದಾದರೂ ಮೊಬೈಲ್ ಫೋನ್ ಇದೆ. ಅದರಲ್ಲಿ ಹಸು ಸಾಕಣೆಯ ವೀಡಿಯೋಗಳು ಬೇಕಾದಷ್ಟು ಸಿಗುತ್ತವೆ. ಕಾಸು ಕೊಡಬೇಕಾಗಿಲ್ಲ, ಪೇಟೆಗೆ ಹೋಗಬೇಕಾಗಿಲ್ಲ. ಆದರೆ ಪುಕ್ಕಟೆ ಸಿಕ್ಕಿದ್ದೆಲ್ಲ ಪಾಠವಲ್ಲ. ಒಳ್ಳೆಯ ವೀಡಿಯೋ ಒಂದು ಹಸುವನ್ನು ಉಳಿಸಬಹುದು, ಕೆಟ್ಟದ್ದು ಕಳೆಯಲೂಬಹುದು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಇದು ಹೊಸತೇನಲ್ಲ

ನೋಡಿ ಕಲಿಯುವ ಪದ್ಧತಿ ಹೈನುಗಾರರಿಗೆ ಹಳೆಯದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠಗಳನ್ನು ತಲುಪಿಸಲಾಗಿತ್ತು. ನಮ್ಮ ರಾಜ್ಯದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಗುಜರಾತಿನ ಖೇಡಾ ಜಿಲ್ಲೆಯಲ್ಲಿಯೂ ಅದೇ ಕಾಲದಲ್ಲಿ ಇಂತಹ ಟಿ.ವಿ. ಯೋಜನೆ ಆರಂಭವಾಯಿತು. ಹಳ್ಳಿಯ ಜನ ಒಟ್ಟಿಗೆ ಕುಳಿತು ನೋಡುತ್ತಿದ್ದರು, ನೋಡಿದ ಮೇಲೆ ಚರ್ಚಿಸುತ್ತಿದ್ದರು. ಈಗ ಟಿ.ವಿ. ಅಂಗೈಗೆ ಬಂದಿದೆ, ಆದರೆ ಒಟ್ಟಿಗೆ ಕುಳಿತು ಚರ್ಚಿಸುವುದು ತಪ್ಪಿಹೋಗಿದೆ. ನಷ್ಟವಾಗುವುದು ಅಲ್ಲಿಯೇ.

ವೀಡಿಯೋದಿಂದ ಏನು ಕಲಿಯಬಹುದು?

ಕಣ್ಣಿನಿಂದ ನೋಡಿಯೇ ತಿಳಿಯಬೇಕಾದ ಕೆಲಸಗಳಿಗೆ ವೀಡಿಯೋ ಬಹಳ ಉಪಯುಕ್ತ. ಎರಡು ಉದಾಹರಣೆಗಳನ್ನು ಗಮನಿಸಿ.

1. ಬೆದೆಯ ಲಕ್ಷಣ: ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಕೂಗುವುದು, ಬೇರೆ ಹಸು ಮೇಲೆ ಹಾರಿದಾಗ ಅಲುಗದೆ ನಿಲ್ಲುವುದು, ಗಾಜಿನಂತಹ ತಿಳಿ ಲೋಳೆ ಸುರಿಸುವುದು ಇದರ ಲಕ್ಷಣಗಳು. ಆ ಲೋಳೆ ಹೇಗಿರುತ್ತದೆ, ಸೋಂಕು ಇದ್ದಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಎಷ್ಟು ಬರೆದರೂ ಒಮ್ಮೆ ಕಂಡಂತಾಗುವುದಿಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ 21 ದಿನದ ಮೇವು, ಹಿಂಡಿ ಲಾಭವಿಲ್ಲದೆ ಖರ್ಚಾದಂತೆ.

2. ಕೆಚ್ಚಲು ಬಾವಿನ ಲೇಪ: ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು ಪಾರಂಪರಿಕ ಪಶು ಔಷಧಗಳ ಬಗ್ಗೆ ಹಲವು ಭಾರತೀಯ ಭಾಷೆಗಳಲ್ಲಿ ವೀಡಿಯೋಗಳನ್ನು ಉಚಿತವಾಗಿ ಕೊಟ್ಟಿದೆ. ಕೆಚ್ಚಲು ಬಾವಿಗೆ ಅದರಲ್ಲಿ ಹೇಳಿರುವುದು: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಇವನ್ನು ಅರೆದು ಕೆಂಪು ಬಣ್ಣದ ಮುದ್ದೆ ಮಾಡಿ, ಅದರಿಂದ ಒಂದು ಹಿಡಿಯಷ್ಟನ್ನು 150ರಿಂದ 200 ಮಿ.ಲೀ. ನೀರಿನಲ್ಲಿ ತೆಳುವಾಗಿ ಕಲಸಬೇಕು. ಕೆಚ್ಚಲನ್ನು ತೊಳೆದು ಸ್ವಚ್ಛಗೊಳಿಸಿ, ಇಡೀ ಕೆಚ್ಚಲಿಗೆ ದಿನಕ್ಕೆ 10 ಸಲದಂತೆ 5 ದಿನ ಹಚ್ಚಬೇಕು. ಜೊತೆಗೆ ದಿನಕ್ಕೆ 2 ನಿಂಬೆಹಣ್ಣನ್ನು 3 ದಿನ ತಿನ್ನಿಸಬೇಕು. ಅಳತೆಯನ್ನು ಈ ಪುಟದಿಂದ ಬರೆದುಕೊಳ್ಳಬಹುದು. ಆದರೆ ಮುದ್ದೆ ಎಷ್ಟು ತೆಳುವಾಗಿರಬೇಕು, ಕೈ ಹೇಗೆ ಆಡಿಸಬೇಕು ಎಂಬುದನ್ನು ನೋಡಿಯೇ ಕಲಿಯಬೇಕು. ಹಸುವಿಗೆ ಜ್ವರವಿದ್ದರೆ, ಮೇವು ಬಿಟ್ಟಿದ್ದರೆ ಇದೊಂದನ್ನೇ ನಂಬಿ ಕೂರದೆ ವೈದ್ಯರನ್ನು ಕರೆಸಿರಿ. ಬಾವು ಇರುವ ಹಾಲನ್ನಾಗಲಿ, ಚುಚ್ಚುಮದ್ದು ಕೊಟ್ಟ ಬಳಿಕ ವೈದ್ಯರು ಹೇಳಿದಷ್ಟು ದಿನದ ಹಾಲನ್ನಾಗಲಿ ಸಂಘಕ್ಕೆ ಹಾಕಬಾರದು.

ನೋಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ವೀಡಿಯೋಗಂತೂ ಈ ಮಾತು ಸರಿಯಾಗಿ ಹೊಂದುತ್ತದೆ.

1. ಹೇಳುವವರು ಯಾರು? ಪಶುವೈದ್ಯ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಡೇರಿ ಮಂಡಳಿಗಳದ್ದಾದರೆ ಮೊದಲು ಅದನ್ನೇ ನೋಡಿರಿ.
2. ಕೊನೆಗೆ ಏನನ್ನಾದರೂ ಮಾರುತ್ತಾರೆಯೇ? ಪುಡಿಯ ಡಬ್ಬ ತೋರಿಸಿ ಹಾಲು ಎರಡು ಪಾಲಾಗುತ್ತದೆ ಎಂದರೆ ಅದು ಪಾಠವಲ್ಲ, ಜಾಹೀರಾತು.
3. ಅಳತೆ ಹೇಳಿದ್ದಾರೆಯೇ? ಎಷ್ಟು ಗ್ರಾಂ, ಎಷ್ಟು ದಿನ ಎಂದು ಹೇಳದ ಔಷಧವನ್ನು ಪ್ರಯೋಗಿಸಬೇಡಿ.
4. ಯಾವ ಊರಿನ ಹಟ್ಟಿ? ಪಂಜಾಬಿನ ಒಣ ಹವೆಯಲ್ಲಿ ಮೇವು ಒಣಗಿಸುವ ಕ್ರಮ ನಮ್ಮ ಜೂನ್, ಜುಲೈ ತಿಂಗಳ ಮಳೆಗೆ ಆಗಿಬರುವುದಿಲ್ಲ. ಅಲ್ಲಿ ಸರಿಯಾದದ್ದು ಇಲ್ಲಿ ಬೂಸಲು ಹಿಡಿಯಬಹುದು.

ವೀಡಿಯೋ ನೋಡುತ್ತಾ ಕೂರಬಾರದ ಹೊತ್ತು

ನಿಮ್ಮ ಹಟ್ಟಿಯಲ್ಲಿ ಹೀಗಾಯಿತು ಎಂದುಕೊಳ್ಳಿ. ಚೆನ್ನಾಗಿ ಹಾಲು ಕೊಡುವ ಹಸು, ಕರು ಹಾಕಿ ಎರಡನೆಯ ದಿನ. ಬೆಳಿಗ್ಗೆ ನೋಡಿದರೆ ಮಲಗಿದಲ್ಲಿಂದ ಏಳುವುದಿಲ್ಲ. ಕಿವಿ ತಣ್ಣಗಾಗಿದೆ, ಕತ್ತನ್ನು ಹೊಟ್ಟೆಯ ಕಡೆಗೆ ತಿರುಗಿಸಿಕೊಂಡಿದೆ. ಇದು ಹಾಲು ಜ್ವರದ ಲಕ್ಷಣ. ಹೆಸರಿನಲ್ಲಿ ಜ್ವರ ಇದ್ದರೂ ಮೈ ತಣ್ಣಗಿರುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ತೀರಾ ಕಡಿಮೆಯಾಗಿರುವುದೇ ಕಾರಣ. ಈ ಹೊತ್ತಿನಲ್ಲಿ ಮೊಬೈಲ್ ತೆರೆದು ಒಂದೊಂದೇ ವೀಡಿಯೋ ನೋಡುತ್ತಾ ಹೋದರೆ, ಕಳೆದ ಒಂದೊಂದು ಗಂಟೆಯೂ ಹಸುವಿನ ಜೀವಕ್ಕೆ ಅಪಾಯ. ನುಂಗಲಾಗದೆ ಮಲಗಿದ ಹಸುವಿನ ಬಾಯಿಗೆ ಔಷಧ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ವೈದ್ಯರು ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ನಿಧಾನವಾಗಿ, ಹೃದಯದ ಬಡಿತ ಗಮನಿಸುತ್ತಾ ಕೊಡುತ್ತಾರೆ. ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು. ಇದು ನೋಡಿ ಕಲಿತು ಮಾಡುವ ಕೆಲಸವಲ್ಲ.

ಹಾಗೆಯೇ ಕರು ಹಾಕಲು ಕಷ್ಟವಾದಾಗ, ಹೊಟ್ಟೆ ಉಬ್ಬರಿಸಿದಾಗ, ಮೂತ್ರದಲ್ಲಿ ರಕ್ತ ಕಂಡಾಗ ಮೊಬೈಲ್ ಇರುವುದು ಫೋನ್ ಮಾಡಲಿಕ್ಕೆ. ಪಶುವೈದ್ಯರ ಸಂಖ್ಯೆಯನ್ನೂ, ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಯನ್ನೂ ಹಟ್ಟಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಲಕ್ಷಣ ಗುರುತಿಸುವ ಪಾಠವನ್ನು ಮಾತ್ರ ಹಸು ಗಬ್ಬವಿರುವಾಗಲೇ, ಬಿಡುವಾಗಿ ಕುಳಿತು ನೋಡಿಕೊಳ್ಳಿ.

ಮನೆಯಲ್ಲಿಯೂ ಸಂಘದಲ್ಲಿಯೂ

ಹಟ್ಟಿಯ ಕೆಲಸ ಹೆಚ್ಚಾಗಿ ಮಾಡುವುದು ಮನೆಯ ಹೆಂಗಸರು, ಫೋನ್ ಇರುವುದು ಮಗನ ಕೈಯಲ್ಲಿ. ಆದ್ದರಿಂದ ಪಾಠ ತಲುಪಬೇಕಾದವರಿಗೆ ತಲುಪುವುದಿಲ್ಲ. ಮಕ್ಕಳೇ, ದಿನಕ್ಕೆ ಹತ್ತು ನಿಮಿಷ ಅಮ್ಮನ ಪಕ್ಕದಲ್ಲಿ ಕುಳಿತು ತೋರಿಸಿ. ನೆರಿಯ, ಚಾರ್ಮಾಡಿಯಂತಹ ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕ್ ಸಿಗದ ಕಡೆ ಇರುವವರು ಪೇಟೆಗೆ ಹೋದಾಗಲೇ ವೀಡಿಯೋ ಇಳಿಸಿಕೊಂಡು ಬಂದರೆ ಮನೆಯಲ್ಲಿ ನಿಧಾನವಾಗಿ ನೋಡಬಹುದು. ಕಾಲೇಜಿಗೆ ಹೋಗುವ ಮಕ್ಕಳಿಗೂ ಇದೇ ಫೋನಿನಲ್ಲಿ ಕೇಂದ್ರ ಸರಕಾರದ 'ಸ್ವಯಂ' ಪಾಠಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ.

ಒಂದು ನೋಟುಪುಸ್ತಕ ಇಡಿ. ನೋಡಿದ ದಿನ, ಹೇಳಿದವರು, ಅಳತೆ ಬರೆಯಿರಿ. ಸಂಘಕ್ಕೆ ಹಾಲು ಹಾಕಲು ಹೋದಾಗ ಪಶುವೈದ್ಯರಲ್ಲೋ ಗರ್ಭಧಾರಣಾ ಕಾರ್ಯಕರ್ತರಲ್ಲೋ ವಿಚಾರಿಸಿ. ಮೇವಿನಲ್ಲಿ ಬದಲಾವಣೆ ಮಾಡುವುದಾದರೆ ಮೊದಲು ಒಂದೇ ಹಸುವಿಗೆ, ಸ್ವಲ್ಪ ಸ್ವಲ್ಪವಾಗಿ. ಹದಿನೈದು ದಿನ ಹಾಲಿನ ಪ್ರಮಾಣ, ಫ್ಯಾಟ್, ಎಸ್.ಎನ್.ಎಫ್. ಬರೆದು ಹೋಲಿಸಿ. ವೀಡಿಯೋ ಏನೇ ಹೇಳಲಿ, ಕೊನೆಯ ತೀರ್ಪು ಹಾಲಿನ ಚೀಟಿಯದ್ದು.

ಸಂಘದ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ತಿಂಗಳಿಗೊಮ್ಮೆ ಸಂಘದಲ್ಲಿ ಒಂದು ಒಳ್ಳೆಯ ವೀಡಿಯೋವನ್ನು ಸದಸ್ಯರೆಲ್ಲರೂ ಕುಳಿತು ನೋಡುವಂತೆ ಏರ್ಪಾಡು ಮಾಡಿ, ವೈದ್ಯರನ್ನೂ ಕರೆಯಿರಿ. ಒಬ್ಬರೇ ನೋಡಿದರೆ ಸಂಶಯ ಉಳಿಯುತ್ತದೆ, ಹತ್ತು ಜನ ನೋಡಿ ಮಾತನಾಡಿದರೆ ವಿದ್ಯೆಯಾಗುತ್ತದೆ. ಸಹಕಾರದ ಅರ್ಥವೂ ಅದೇ ಅಲ್ಲವೇ?