ಬೆಲ್ಲದ ಅಂದರೆ ಬೆಲ್ಲದ ಏನು?

ಪ್ರಶ್ನೆ: ನಾವು ಸಿಂದಗಿಯವರು. ನಮ್ಮ ಓಣಿಯಲ್ಲಿ ಬೆಲ್ಲದ, ಹಡಪದ, ಉಳ್ಳಾಗಡ್ಡಿ, ಕುಲಕರ್ಣಿ, ಮನಗೂಳಿ ಎಂಬ ಅಡ್ಡಹೆಸರಿನವರಿದ್ದಾರೆ. ಬೆಂಗಳೂರಿನ ಗೆಳೆಯರು ಕೇಳಿ ನಗುತ್ತಾರೆ. ಇವು ಹೇಗೆ ಬಂದವು? ಬೇರೆ ದೇಶಗಳಲ್ಲೂ ಹೀಗೆ ಇವೆಯೇ?

ಉತ್ತರ: ನಗುವವರಿಗೆ ಮೊದಲು ‘ಬೆಲ್ಲದ’ ಎಂಬುದರ ಕೊನೆಯ ‘ದ’ ತೋರಿಸಿ. ಅದು ಷಷ್ಠೀ ವಿಭಕ್ತಿ. ಬೆಲ್ಲದ ಅಂಗಡಿಯವರು, ಬೆಲ್ಲದ ವ್ಯಾಪಾರದವರು ಎನ್ನುವಲ್ಲಿ ಉಳಿದದ್ದು ಬಾಯಿಂದ ಬಾಯಿಗೆ ಸವೆದುಹೋಗಿ ‘ಬೆಲ್ಲದ’ ಅಷ್ಟೇ ನಿಂತಿದೆ. ಉಪ್ಪಿನ, ತುಪ್ಪದ, ಹಿಟ್ಟಿನ ಎಲ್ಲವೂ ಹೀಗೆಯೇ. ಅಡ್ಡಹೆಸರೆಂದರೆ ಅರ್ಧ ಮಾತು. ಇನ್ನರ್ಧ ಮನೆಯ ಹಿರಿಯರ ನೆನಪಿನಲ್ಲಿರುತ್ತದೆ.

ಈ ‘ದ’ ನಿನ್ನೆ ಮೊನ್ನೆಯದಲ್ಲ. ಬಸವನ ಬಾಗೇವಾಡಿ ಸೀಮೆಯ ಮಸಬಿನಾಳ ತನ್ನವನೆಂದು ಹೇಳಿಕೊಳ್ಳುವ ಹಡಪದ ಅಪ್ಪಣ್ಣನನ್ನೇ ನೋಡಿ. ಹಡಪವೆಂದರೆ ಎಲೆ ಅಡಿಕೆಯ ಸಂಚಿ. ಅದನ್ನು ಹಿಡಿದು ಬಸವಣ್ಣನ ಬಳಿ ಇದ್ದವನು ಅಪ್ಪಣ್ಣ. ಮಡಿವಾಳ ಮಾಚಿದೇವ ಅದೇ ನಿಮ್ಮ ಕಡೆಯ ದೇವರ ಹಿಪ್ಪರಗಿಯವನು. 12ನೇ ಶತಮಾನದಲ್ಲಿ ಹೆಸರಿಗಿಂತ ಮೊದಲು ಬರುತ್ತಿದ್ದ ಕಾಯಕ ಈಗ ಹೆಸರಿನ ನಂತರ ಬರುತ್ತದೆ. ಹೆಸರು ಕೇಳಿ ಜಾತಿ ಅಳೆಯುವ ಚಾಳಿ ನಮ್ಮಲ್ಲಿದೆ ನಿಜ. ಆ ತಪ್ಪು ಅಳೆಯುವವರದು, ಹಡಪದ ಬಡಿಗೇರ ಕಂಬಾರರದಲ್ಲ.

ಕುಲಕರ್ಣಿ, ಪಾಟೀಲ, ತಳವಾರ, ನಾಡಗೌಡ ಇವು ಹುದ್ದೆಗಳು. ಕುಲಕರ್ಣಿ ಊರಿನ ಲೆಕ್ಕ ಬರೆದರೆ ತಳವಾರ ಊರು ಕಾಯುತ್ತಿದ್ದ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ತೆಗೆದುಹಾಕಿತು, ಹೆಸರು ಮಾತ್ರ ಉಳಿಯಿತು.

ನನಗೆ ಹೆಚ್ಚು ಪ್ರೀತಿ ಊರ ಹೆಸರುಗಳ ಮೇಲೆ. ಇದ್ದ ಊರಿನಲ್ಲೇ ಇದ್ದವರಿಗೆ ಊರಿನ ಹೆಸರು ಯಾರೂ ಇಡುವುದಿಲ್ಲ. ಬಿಟ್ಟು ಬಂದವರಿಗೆ ಇಡುತ್ತಾರೆ. ಸಂಶೋಧಕ ಎಂ.ಎಂ. ಕಲಬುರ್ಗಿಯವರ ಊರು ಸಿಂದಗಿ ತಾಲ್ಲೂಕಿನ ಯರಗಲ್. ಇಂಡಿ ಸೀಮೆಯ ಹಲಸಂಗಿಯಲ್ಲಿ ಬಾಳಿದ ಮಧುರಚೆನ್ನರು ಚೆನ್ನಮಲ್ಲಪ್ಪ ಗಲಗಲಿ. ಗಲಗಲಿ ಇರುವುದು ಕೃಷ್ಣೆಯ ದಂಡೆಗೆ. ಸಿಂದಗಿಯ ಶಾಸಕರಾಗಿದ್ದ ಎಂ.ಸಿ. ಮನಗೂಳಿಯವರ ಅಡ್ಡಹೆಸರಿನಲ್ಲಿರುವುದು ಬಾಗೇವಾಡಿ ಕಡೆಯ ಊರು.

ಬೆಂಗಳೂರಿನವರಿಗೆ ಇದು ಹೊಸದೆನಿಸಲು ಕಾರಣವಿದೆ. ವಿಜಯಪುರ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುವುದು ಆ ಕಡೆಯ ರೂಢಿ. ಹಳೇ ಮೈಸೂರಿನಲ್ಲಿ ಊರು, ತಂದೆ ಇಬ್ಬರೂ ಇನಿಷಿಯಲ್ಲಿನಲ್ಲಿ ಅಡಗಿದರು.

ಹೊರದೇಶದ ಮಾತಿಗೆ ಪೋಲೆಂಡ್ ಸಾಕು. ಅಲ್ಲಿ ‘ಕೊವಾಲ್’ ಅಂದರೆ ಕಂಬಾರ. ಅದಕ್ಕೆ ‘ಸ್ಕಿ’ ಹಚ್ಚಿದರೆ ಕೊವಾಲ್ಸ್ಕಿ. ನಮ್ಮ ‘ದ’ ಮಾಡುವ ಕೆಲಸವನ್ನೇ ಆ ‘ಸ್ಕಿ’ ಮಾಡುತ್ತದೆ. ಅಲ್ಲಿಯ ಯಹೂದಿಗಳಲ್ಲಿ ಬಹಳ ಮಂದಿ ಇಂಥವರ ಮಗ ಇಂಥವನು ಎಂದೇ ಕರೆಸಿಕೊಳ್ಳುತ್ತಿದ್ದರು. ಆಗ ಪೋಲೆಂಡಿನ ಒಂದು ಭಾಗವನ್ನೂ ಆಳುತ್ತಿದ್ದ ಆಸ್ಟ್ರಿಯದ ದೊರೆ ಎರಡನೇ ಜೋಸೆಫ್ 1787ರಲ್ಲಿ ತನ್ನ ಆಳ್ವಿಕೆಯ ಯಹೂದಿಗಳೆಲ್ಲ ಖಾಯಂ ಅಡ್ಡಹೆಸರು ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಯಹೂದಿಗಳಲ್ಲಿ ಫೆಫರ್ ಎಂಬ ಮನೆತನವಿದೆ, ಅಂದರೆ ಮೆಣಸು. ತ್ಸುಕರ್ ಇದೆ, ಅಂದರೆ ಸಕ್ಕರೆ. ಪೊಜ್ನಾನ್ ಊರು ಬಿಟ್ಟುಬಂದವರು ಪೋಸ್ನರ್ ಆದರು, ಯರಗಲ್ಲಿನವರು ಕಲಬುರ್ಗಿ ಆದಂತೆ.

ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಈ ವಾರವೇ ಕೇಳಿ, ನಮ್ಮ ಹೆಸರಿನ ಇನ್ನರ್ಧ ಮಾತು ಯಾವುದು, ಯಾವ ಊರಿಂದ ಬಂದೆವು ಎಂದು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.